ಖಾಂದೇರಿಯಲ್ಲಿ ಒಂದು ಗಾಳಿಯ ರಾತ್ರಿ

ಮುಂಬಯಿಯ ಫೋರ್ಟಿನಲ್ಲಿ ಕೋಟೆ ಇಲ್ಲ. ಹೊಸದಾಗಿ ಊರಿನಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ನಾನೂ 1991ರಲ್ಲಿ ಮಾವನ ಹಿಂದೆ ಬೋರಾಬಜಾರಿನ ಮರದ ಮೆಟ್ಟಿಲು ಹತ್ತುವಾಗ ಕೇಳಿದ್ದೆ, "ಮಾವಾ, ಕೋಟೆ ಎಲ್ಲಿ?" ಅಂತ. ಮಾವ ಕಿಟಕಿಯಿಂದ ಕೈ ತೋರಿಸಿ, "ಕೆಡವಿ ಆಫೀಸ್ ಕಟ್ಟಿದ್ರ್" ಅಂದಿದ್ದರು. ಅದು ನಿಜ. ಇಂಗ್ಲಿಷರು ಕಟ್ಟಿದ ಗೋಡೆಯನ್ನು 1860ರ ದಶಕದಲ್ಲಿ ಅವರೇ ಕೆಡವಿದರು. ಗೋಡೆಗೆ ಮೂರು ಬಾಗಿಲುಗಳಿದ್ದವು: ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್. ಚರ್ಚ್‌ಗೇಟ್ ಈಗ ರೈಲು ನಿಲ್ದಾಣದ ಹೆಸರು. ದಿನಾ ಲಕ್ಷಗಟ್ಟಲೆ ಜನ ಇಲ್ಲದ ಬಾಗಿಲಿನಿಂದ ಒಳಗೆ ಬಂದು ಇಲ್ಲದ ಕೋಟೆಯಲ್ಲಿ ದುಡಿದು ಸಂಜೆ ಮನೆಗೆ ಹೋಗುತ್ತಾರೆ.

ಮಾವ ಮಾತ್ರ ಸಂಜೆಯಾದರೂ ಅಲ್ಲೇ ಇರುತ್ತಿದ್ದರು. ಐವತ್ತು ವರ್ಷಕ್ಕೂ ಮಿಕ್ಕಿ ಅದೇ ಮೂರನೇ ಮಾಳಿಗೆಯ ಹತ್ತು-ಹನ್ನೆರಡರ ಕೋಣೆ. ಮೊದಲು ಏಳು ಜನರ ಜೊತೆ, ಕೊನೆಗೆ ಒಬ್ಬರೇ. ಮದುವೆಯಾಗಲಿಲ್ಲ. ಹೋದ ವರ್ಷ ಆ ಕಟ್ಟಡಕ್ಕೆ ಮರದ ಟೇಕು ಕೊಟ್ಟು ನಿಲ್ಲಿಸಿದರು, ಖಾಲಿ ಮಾಡಿ ಎಂಬ ನೋಟಿಸೂ ಅಂಟಿತು. ಫೋರ್ಟಿನಲ್ಲಿ ಹಳೇ ಕಟ್ಟಡದ ನೋಟಿಸನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2020ರ ಜುಲೈ ಮಳೆಯಲ್ಲಿ ಮಿಂಟ್ ರಸ್ತೆಯ ಭಾನುಶಾಲಿ ಕಟ್ಟಡ ಕುಸಿದದ್ದು ಅಲ್ಲಿನ ಎಲ್ಲರಿಗೂ ನೆನಪಿದೆ. "ಊರಿಗೆ ಹೋಗಿ ಮಾವಾ, ಗಂಗೊಳ್ಳಿಯಲ್ಲಿ ಆರಾಮಾಗಿರಿ" ಎಂದು ನಾನು ಪ್ರತಿ ಭಾನುವಾರ ಡೊಂಬಿವಿಲಿಯಿಂದ ಫೋನ್ ಮಾಡಿ ಹೇಳುತ್ತಿದ್ದೆ. ಅವರು "ಕಾಂಬ" ಎನ್ನುತ್ತಿದ್ದರು. ನಮ್ಮ ಕಡೆ "ಕಾಂಬ" ಎಂದರೆ ನೋಡೋಣ ಎಂದೂ ಹೌದು, ಇಲ್ಲ ಎಂದೂ ಹೌದು.

ಎದುರು ಕೂತು ಮಾತಾಡಿ ಒಪ್ಪಿಸಬೇಕು ಎಂದೇ ನಾನು ಈ ತಿರುಗಾಟ ಹಾಕಿಕೊಂಡದ್ದು. ಕಾಲೇಜಿಗೆ ಹೋಗುವ ಮಗಳಿಗೆ ಟ್ರೆಕ್ಕಿಂಗಿನ ಹುಚ್ಚು, ಅವಳ ಹತ್ತಿರ ಮೂರು ಜನ ಮಲಗುವ ಟೆಂಟ್ ಇದೆ. ಅಲಿಬಾಗದ ಕಡಲ ದಂಡೆಯಲ್ಲಿ ಒಂದು ರಾತ್ರಿ ಟೆಂಟ್ ಹಾಕೋಣ ಎಂದಳು. ಮಾವನನ್ನು ಕೇಳಿದರೆ, "ಹಾಂಗಾರೆ ಖಾಂದೇರಿ ಕಂಡ್ಕಂಡ್ ಬಪ್ಪ" ಅಂದರು. ಖಾಂದೇರಿ ಯಾಕೆ ಎಂದು ಆಗ ಅವರು ಹೇಳಲಿಲ್ಲ.

* * *

2025ರ ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ಗೇಟ್‌ವೇ ಆಫ್ ಇಂಡಿಯಾದಿಂದ ಮಾಂಡ್ವಾ ದೋಣಿ ಹಿಡಿದೆವು. ಒಂದು ಗಂಟೆಯ ದಾರಿ. ಮಾವನ ಕೋಣೆಯಿಂದ ಗೇಟ್‌ವೇಗೆ ನಡೆದರೆ ಅರ್ಧ ಗಂಟೆ, ಆದರೂ ಎಷ್ಟೋ ವರ್ಷದಿಂದ ಅವರು ನೀರಿಗಿಳಿದಿರಲಿಲ್ಲ. ಮುಂಬಯಿ ದ್ವೀಪ ಎಂಬುದು ನಮಗೆ ಯಾರಿಗೂ ನೆನಪಿರುವುದಿಲ್ಲ. ಕೊಲಾಬಾ, ಮಝಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂದು ಲೋಕಲಿನಲ್ಲಿ ಉಸಿರುಗಟ್ಟಿ ದಾಟುವ ಹೆಸರುಗಳೆಲ್ಲ ಒಂದು ಕಾಲದಲ್ಲಿ ನಡುವೆ ನೀರಿದ್ದ ದ್ವೀಪಗಳು. ದೋಣಿ ಹೊರಟು ತಾಜ್ ಹೋಟೆಲು ಸಣ್ಣದಾದ ಮೇಲೆಯೇ ಅದು ಕಣ್ಣಿಗೆ ಬೀಳುವುದು.

ಮಾಂಡ್ವಾದಲ್ಲಿ ಇಳಿದು ಅಲಿಬಾಗದ ಹತ್ತಿರದ ಥಳ ಎಂಬ ಕೋಳಿ ಮೀನುಗಾರರ ಊರಿಗೆ ಹೋಗಿ ಉಳಿದೆವು. ಅಲ್ಲಿಯ ದಂಡೆಯಲ್ಲಿ ನಿಂತರೆ ಎರಡು ದ್ವೀಪಗಳು ಕಾಣುತ್ತವೆ. ಹತ್ತಿರದ್ದು, ತಟ್ಟೆಯ ಹಾಗೆ ತಗ್ಗಾಗಿರುವುದು ಉಂದೇರಿ. ಅದರಾಚೆ, ಎರಡು ಗುಡ್ಡದ ಮೇಲೆ ದೀಪಸ್ತಂಭ ಹೊತ್ತು ನಿಂತದ್ದು ಖಾಂದೇರಿ. ಮರುದಿನ ಬೆಳಿಗ್ಗೆ ದೋಣಿಯವನು ನಮ್ಮನ್ನು ಖಾಂದೇರಿಗೆ ಬಿಟ್ಟು, ಮೂರು ಗಂಟೆಗೆ ಬರುತ್ತೇನೆ ಎಂದು ಹೋದ. ರಾತ್ರಿ ಕಿಹೀಮ್ ದಂಡೆಯಲ್ಲಿ ಟೆಂಟ್ ಎಂದು ನಮ್ಮ ಲೆಕ್ಕ. ಟೆಂಟಿನ ಚೀಲ ಮಗಳ ಬೆನ್ನ ಮೇಲೇ ಇತ್ತು. ಮಾವನ ಚೀಲ, ಅದರಲ್ಲಿದ್ದ ಬಿಪಿ ಮಾತ್ರೆ ಸಮೇತ, ಥಳದ ಮನೆಯಲ್ಲಿ ಉಳಿದಿತ್ತು.

ಖಾಂದೇರಿಯ ಕತೆ ಗೊತ್ತಿದ್ದರೆ ಅಲ್ಲಿನ ಕಲ್ಲುಗಳನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ. 1668ರಲ್ಲಿ ಬೊಂಬಾಯಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಹನ್ನೊಂದು ವರ್ಷಕ್ಕೆ, 1679ರಲ್ಲಿ, ಶಿವಾಜಿಯ ಜನ ಮಾಯನಾಕ ಭಂಡಾರಿಯ ಮುಂದಾಳುತನದಲ್ಲಿ ಬೊಂಬಾಯಿಯ ಬಾಗಿಲಲ್ಲೇ ಇರುವ ಈ ದ್ವೀಪದಲ್ಲಿ ಕೋಟೆ ಕಟ್ಟತೊಡಗಿದರು. ಇಂಗ್ಲಿಷರು ಹಡಗು ತಂದು ಅಡ್ಡ ನಿಂತರು. ಅವರ ಹಡಗುಗಳಿಗೆ ಗಾಳಿ ಬೇಕು, ಆಳದ ನೀರು ಬೇಕು. ಮರಾಠರ ಸಣ್ಣ ದೋಣಿಗಳು ಹುಟ್ಟು ಹಾಕಿಕೊಂಡು ರಾತ್ರಿ ತೆಳುನೀರಿನಲ್ಲಿ ನುಸುಳಿ ಸಾಮಾನು ಮುಟ್ಟಿಸುತ್ತಿದ್ದವು. ಅಕ್ಟೋಬರಿನಲ್ಲಿ ಸಮುದ್ರದ ಮೇಲೆ ಕಾಳಗವಾಯಿತು, ಇಂಗ್ಲಿಷರ ಒಂದು ಹಡಗು ಮರಾಠರ ವಶವಾಯಿತು. 1680ರ ಮೊದಲಿಗೆ ಅವರು ರಾಜಿ ಮಾಡಿಕೊಂಡು ಹಿಂದೆ ಸರಿದರು. ಅದೇ ಹೊತ್ತಿಗೆ ಜಂಜಿರಾದ ಸಿದ್ದಿಗಳು ಪಕ್ಕದ ಉಂದೇರಿಯನ್ನು ಹಿಡಿದು ತಾವೂ ಕೋಟೆ ಕಟ್ಟಿದರು. ಮುಂದೆ ಕಾನ್ಹೋಜಿ ಆಂಗ್ರೆಯ ಕಾಲದಲ್ಲಿ, 1718ರಲ್ಲಿ, ಇಂಗ್ಲಿಷರು ಮತ್ತೊಮ್ಮೆ ಖಾಂದೇರಿಯ ಮೇಲೆ ಬಂದು ಬರಿಗೈಯಲ್ಲಿ ಹೋದರು. ಈಗ ದ್ವೀಪಕ್ಕೆ ಆ ಆಂಗ್ರೆಯ ಹೆಸರನ್ನೇ ಇಟ್ಟಿದ್ದಾರೆ. ನಾವು ಹೋಗಿ ಬಂದ ಐದು ತಿಂಗಳಿಗೆ, 2025ರ ಜುಲೈಯಲ್ಲಿ, ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಖಾಂದೇರಿಯೂ ಒಂದು.

ಇಡೀ ದ್ವೀಪ ಸುತ್ತಲು ಎರಡು ಗಂಟೆ ಧಾರಾಳ ಸಾಕು. ಗೋಡೆ ಇನ್ನೂ ಗಟ್ಟಿ ಇದೆ. ಬುರುಜಿನಲ್ಲಿ ಚಕ್ರದ ಗಾಡಿಯ ಮೇಲೆ ಫಿರಂಗಿ ಕೂತಿದೆ. ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ಕಣ್ ಎನ್ನುವ ಒಂದು ಬಂಡೆ ಇದೆ. ಮಗಳು ಅದನ್ನು ಬಡಿದು ಬಡಿದು ವಿಡಿಯೋ ಮಾಡಿದಳು. ಕೋಳಿ ಜನ ನಂಬುವ ವೇತಾಳನ ಗುಡಿ ಇದೆ. ಒಳಗೆ ಬಣ್ಣ ಬಳಿದ ದೊಡ್ಡ ಕಲ್ಲು, ಅದೇ ದೇವರು. ಮಾವ ಚಪ್ಪಲಿ ಬಿಟ್ಟು ಕೈಮುಗಿದು, "ನಮ್ಮ ಬೊಬ್ಬರ್ಯನ ಕಣೆಗೆ ಕಡಲ್ ಕಾಯ್ವವ" ಅಂದರು.

* * *

ಒಂದು ಗಂಟೆಯ ಮೇಲೆ ಗಾಳಿ ಏರಿತು. ಈ ತಿಂಗಳುಗಳಲ್ಲಿ ಇದು ಹೊಸದಲ್ಲ. ಬಿಸಿಲಿಗೆ ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ಜಾಗ ತುಂಬಲು ಕಡಲಿನ ತಂಪು ಗಾಳಿ ವಾಯುವ್ಯದಿಂದ ನುಗ್ಗುತ್ತದೆ. ಮಧ್ಯಾಹ್ನದ ನಂತರ ಬಲವಾಗಿ, ಕತ್ತಲಾದ ಮೇಲೆ ಸೋಲುವುದು ವಾಡಿಕೆ. ಆ ದಿನ ಮಾತ್ರ ಉತ್ತರದ ಕಡೆಯ ಗಾಳಿ ಅದಕ್ಕೆ ಕೂಡಿಕೊಂಡು ನಿಲ್ಲಲೇ ಇಲ್ಲ. ಎರಡೂವರೆಗೆ ಕಡಲಿನ ಮೈಯೆಲ್ಲ ಬೆಳ್ಳಗೆ ನೊರೆ ಎದ್ದಿತು. ದೋಣಿಯವನ ಫೋನ್ ಬಂತು: "ವಾರಾ ವಾಢಲಾಯ್ ಕಾಕಾ, ಆಜ್ ನಾಹೀ. ಉದ್ಯಾ ಸಕಾಳೀ." ಗಾಳಿ ಹೆಚ್ಚಾಗಿದೆ, ಇವತ್ತಿಲ್ಲ, ನಾಳೆ ಬೆಳಿಗ್ಗೆ. ಧಕ್ಕೆಯಲ್ಲಿ ಅಲೆ ಎದ್ದು ಬಿದ್ದು ಮಾಡುವುದನ್ನು ನೋಡಿದರೆ ಅವನದು ತಪ್ಪು ಎನ್ನುವ ಹಾಗೆ ಇರಲಿಲ್ಲ.

ರಾತ್ರಿ ಉಳಿಯುವ ಜಾಗ ಅದಲ್ಲ. ದೀಪಸ್ತಂಭದ ಕೆಲಸದವರನ್ನು ಕಂಡು ಸಂಗತಿ ಹೇಳಿದೆವು. ಅವರಿಗೆ ಇದು ಹೊಸದಲ್ಲವೇನೋ. ಕೆಳಗೆ ಗುಡಿಯ ಹತ್ತಿರ ಟೆಂಟ್ ಹಾಕಿಕೊಳ್ಳಿ, ಗೋಡೆ ಹತ್ತಬೇಡಿ, ಬೆಂಕಿ ಮಾಡಬೇಡಿ ಎಂದು, ಕುಡಿಯಲು ಒಂದು ಕ್ಯಾನ್ ನೀರು ಕೊಟ್ಟರು.

ಮಗಳು ಸಹ್ಯಾದ್ರಿಯಲ್ಲಿ ಹತ್ತು ಸಲ ಹಾಕಿದ ಟೆಂಟ್ ಅದು. ಇಲ್ಲಿ ಬಿಚ್ಚಿದ ಕೂಡಲೇ ಗಾಳಿಪಟವಾಯಿತು. ನಾವಿಬ್ಬರೂ ಮೂಲೆ ಹಿಡಿದು ತೂಗಾಡಿದೆವು. ಕೋಟೆಯ ಗೋಡೆಯ ಮರೆ ಸಿಗುತ್ತದೆ ಎಂದು ಅದರ ಬುಡಕ್ಕೆ ಹೋದರೆ, ಗೋಡೆ ಮುರಿದು ಬಿದ್ದ ಕಡೆಯಿಂದ ಗಾಳಿ ಕೊಳವೆಯಲ್ಲಿ ಊದಿದ ಹಾಗೆ ಬರುತ್ತಿತ್ತು. ನೆಲದಲ್ಲಿ ಒಂದು ಗೇಣು ಮಣ್ಣು, ಕೆಳಗೆ ಕರೀ ಬಂಡೆ. ಗೂಟ ಇಳಿಯಲಿಲ್ಲ. ಒಂದು ಬಾಗಿತು, ಒಂದು ಹಾರಿ ಪೊದೆಗೆ ಬಿತ್ತು.

ಮಾವ ಅಷ್ಟು ಹೊತ್ತೂ ಗುಡಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು ಎದ್ದು ಬಂದರು. "ಗಾಳಿಗ್ ಎದ್ರ್ ನಿಲ್ಲುಕಾಗ ಮಗಾ. ಬೆನ್ ಕೊಡ್ಕ್." ಟೆಂಟನ್ನು ಮೊದಲು ನೆಲಕ್ಕೆ ಚಪ್ಪಟೆ ಹಾಸಿಸಿದರು. ಒಳಗೆ ನಾಲ್ಕು ಮೂಲೆಗೂ ಕಲ್ಲು ಇಡಿಸಿದರು. ಅದರ ಬಾಗಿಲು ಗಾಳಿ ಬರುವ ಕಡೆಗಲ್ಲ, ಹೋಗುವ ಕಡೆಗೆ. ತಗ್ಗು ತುದಿ ಗಾಳಿಗೆ. ಆಮೇಲೆ ಕೋಲು ಸಿಕ್ಕಿಸಿದ್ದು. ಗೂಟದ ಬದಲು ಮಂಡೆಗಾತ್ರದ ಕಲ್ಲುಗಳನ್ನು ತಂದು, ಹಗ್ಗವನ್ನು ಕಲ್ಲಿಗೆ ಎರಡು ಸುತ್ತು ಹಾಕಿ, ಒಂದು ಗಂಟು ಬಿಗಿದು, ಅದರ ಮೇಲೆ ಇನ್ನೊಂದು ಕಲ್ಲು ಹೇರಿದರು. ಗಾಳಿ ಎಳೆದಷ್ಟೂ ಬಿಗಿಯಾಗುವ, ತುದಿ ಜಗ್ಗಿದರೆ ಒಂದೇ ಸಲಕ್ಕೆ ಬಿಚ್ಚುವ ಗಂಟು. ಮಗಳು ಮೂರು ಸಲ ಮಾಡಿಸಿಕೊಂಡು ಕಲಿತಳು.

"ಅಜ್ಜಾ, ಎಲ್ಲಿ ಕಲಿತದ್ದು?"

"ಅಪ್ಪಯ್ಯನ ದೋಣಿಯಂಗೆ. ಹದಿಮೂರ್ ವರ್ಷದ್ ತನ್ಕ ಅದೇ ಕೆಲ್ಸ ಅಲ್ದಾ."

ಮಾವನ ಕೈಯಲ್ಲಿ ಈ ವಿದ್ಯೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ನಾನು ಕಂಡ ಮಾವ ಬಲ್ಲಾರ್ಡ್ ಎಸ್ಟೇಟಿನ ಆಫೀಸಿನಲ್ಲಿ ಫೈಲಿಗೆ ದಾರ ಕಟ್ಟುತ್ತಿದ್ದವರು.

* * *

ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಎರಡು ಪೊಟ್ಟಣ ಪಾರ್ಲೆ-ಜಿ. ಊಟ ಮುಗಿಯಿತು. ಮಾತ್ರೆ ಇಲ್ಲವಲ್ಲ ಎಂದು ನನಗೆ ಹೆದರಿಕೆ, ಗಳಿಗೆಗೊಮ್ಮೆ "ತಲೆ ತಿರುಗುತ್ತದಾ ಮಾವಾ?" ಎಂದು ಕೇಳುತ್ತಿದ್ದೆ. ಮಗಳು ಮೊದಲು ಮಲಗಿದಳು. ಟೆಂಟಿನ ಬಟ್ಟೆ ಒಂದೇ ಸಮ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಮ್ಮೊಮ್ಮೆ ಇಡೀ ಟೆಂಟು ಮೈಮೇಲೆ ಬಾಗಿ ಮುಖ ಸವರಿ ಮತ್ತೆ ಏಳುತ್ತಿತ್ತು. ಅದು ಹಾಗೆ ಬಾಗಲೇಬೇಕಂತೆ, ಬಾಗದಿದ್ದರೆ ಕೋಲು ಮುರಿಯುತ್ತದೆ ಎಂದು ಮಗಳು ಹೇಳಿದ್ದಳು. ಹೇಳಿದರೂ ನಿದ್ದೆ ಬರಲಿಲ್ಲ. ನಾನು, ಮಾವ ಹೊರಗೆ ಬಂದು ಗುಡಿಯ ಗೋಡೆಗೆ ಒರಗಿ ಕೂತೆವು.

ಉತ್ತರದಲ್ಲಿ ಮುಂಬಯಿ ಕಾಣುತ್ತಿತ್ತು. ಕೊಲಾಬಾದಿಂದ ಮಲಬಾರ್ ಹಿಲ್‌ವರೆಗೆ ದೀಪದ ಒಂದು ಗೆರೆ, ಬೆಂಕಿಯ ಕೆಂಡ ಸಾಲಾಗಿ ಹರಡಿದ ಹಾಗೆ. ನಮ್ಮ ತಲೆಯ ಮೇಲೆ ದೀಪಸ್ತಂಭದ ಬೆಳಕು ಕಡಲಿನ ಮೇಲೆ ಸುತ್ತುತ್ತಿತ್ತು. 1867ರಿಂದ ಅಲ್ಲಿ ದೀಪ ಉರಿಯುತ್ತಿದೆ.

"ನಂಗ್ ಮೊದ್ಲ್ ಕಂಡ ಬೊಂಬಾಯಿ ಇದೇ" ಎಂದರು ಮಾವ. 1972ರಲ್ಲಿ, ದೀಪಾವಳಿ ಕಳೆದ ಮೇಲೆ, ಊರಿನ ಒಬ್ಬರ ಜೊತೆ ಹೊರಟದ್ದು. ಬಸ್ಸು, ಕಡವು, ಮತ್ತೆ ಬಸ್ಸು ಎಂದು ಪಣಜಿ ಮುಟ್ಟಿ, ಅಲ್ಲಿಂದ ಸ್ಟೀಮರಿನ ಡೆಕ್ಕಿನಲ್ಲಿ ಚಾಪೆ ಹಾಸಿಕೊಂಡು ಇಡೀ ರಾತ್ರಿ. ಬೆಳಗಿನ ಜಾವ ಕತ್ತಲಲ್ಲಿ ಒಂದು ದೀಪ ಬಂದು ಹೋಗಿ, ಬಂದು ಹೋಗಿ ಮಾಡಿತು. ಹುಡುಗ ಅದೇ ಬೊಂಬಾಯಿ ಎಂದು ಗಂಟುಮೂಟೆ ಎತ್ತಿಕೊಂಡು ನಿಂತ. ಡೆಕ್ಕಿನವರೆಲ್ಲ ನಕ್ಕರು. ಅದು ಖಾಂದೇರಿ, ಬೊಂಬಾಯಿ ಇನ್ನೂ ಮುಂದೆ ಎಂದು ಯಾರೋ ಹೇಳಿದರು. ಭಾವುಚಾ ಧಕ್ಕಾದಲ್ಲಿ ಇಳಿದ ದಿನವೇ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಮೇಜು ಜೋಡಿಸಿ ಮಲಗುವುದು, ಸೆಖೆಯಾದರೆ ಹೊರಗೆ ಕಲ್ಲುಕಂಬದ ಜಗಲಿಯಲ್ಲಿ ಗೋಣಿ ಹಾಸುವುದು. ಮುಂದಿನ ವರ್ಷದಿಂದ ಕನ್ನಡ ರಾತ್ರಿ ಶಾಲೆ. ಹಗಲೆಲ್ಲ ಕೆಲಸ ಮಾಡುವ ನಮ್ಮ ಹುಡುಗರಿಗಾಗಿ ಸಂಜೆ ಮೇಲೆ ತೆರೆಯುವ ಶಾಲೆಗಳನ್ನು ನಡೆಸಿದ ಹಿರಿಯರ ಪುಣ್ಯ ದೊಡ್ಡದು. ನಮ್ಮವರ ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲೇ. ಮಾವ ಎಸ್ಸೆಸ್ಸಿ ಮುಗಿಸಿ ಬಲ್ಲಾರ್ಡ್ ಎಸ್ಟೇಟಿನಲ್ಲಿ ಪ್ಯೂನ್ ಆದರು, ಆಮೇಲೆ ಗುಮಾಸ್ತ.

ಇದು ಸರಿಯಾದ ಹೊತ್ತು ಎಂದುಕೊಂಡು ನಾನು ಶುರು ಮಾಡಿದೆ. "ಇಷ್ಟು ವರ್ಷ ಆಯ್ತಲ್ಲ ಮಾವಾ. ಆ ಕಟ್ಟಡ ಇವತ್ತೋ ನಾಳೆಯೋ. ಇನ್ನು ಊರಿಗೆ ಹೋಗಿ."

ಮಾವ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, ಗಾಳಿಗೆ ಕೇಳಿಸಲಿ ಎಂದು ನನ್ನ ಕಿವಿಯ ಹತ್ತಿರ ಬಂದು ಹೇಳಿದರು. "ಊರಿಗ್ ಹೋಯಿ ಎಲ್ ಮನಿಕಂಬುದ್ ಮಗಾ? ಅದ್ ನಿನ್ನಬ್ಬಿ ಮನಿ."

ಓದುಗರಲ್ಲಿ ಕರಾವಳಿಯವರಿಗೆ ಇದು ಅರ್ಥವಾಗುತ್ತದೆ. ಉಳಿದವರಿಗೆ ಹೇಳುತ್ತೇನೆ. ನಮ್ಮದು ಅಳಿಯಸಂತಾನದ ಕಟ್ಟು. ಮನೆ ಹೆಣ್ಣುಮಕ್ಕಳಿಗೆ, ಅವರ ಮಕ್ಕಳಿಗೆ. ಗಂಗೊಳ್ಳಿಯ ಮನೆ ನನ್ನ ಅಮ್ಮನ ಹೆಸರಲ್ಲಿದೆ, ಮುಂದೆ ನನಗೂ ತಂಗಿಗೂ. ಆದರೆ ಹುಲ್ಲಿನ ಮಾಡು ತೆಗೆದು ಹಂಚು ಹಾಕಿಸಿದ್ದು ಮಾವ. ಬಾವಿಗೆ ಕಟ್ಟೆ ಕಟ್ಟಿಸಿದ್ದು, ಕರೆಂಟು ತರಿಸಿದ್ದು, ತಂಗಿಯ ಮದುವೆಗೆ ಚಪ್ಪರ ಹಾಕಿಸಿದ್ದು ಎಲ್ಲ ಬೋರಾಬಜಾರಿನಿಂದ ಹೋದ ಮನಿಯಾರ್ಡರು. ಅದರ ಮೇಲೆ ಅವರು ಯಾವತ್ತೂ ಹಕ್ಕಿನ ಮಾತಾಡಿದವರಲ್ಲ.

"ನಾನ್ ಹೋರೆ ನೆಂಟ. ಮೊದಲ್ನೇ ದಿನ ಕೋಳಿ, ಎರಡ್ನೇ ದಿನ ಮೀನ್. ಮೂರ್ನೇ ದಿನ ಯಾವಾಗ್ ಹೋಪುದ್ ಅಂದ್ ಕೇಂತ್ರ್." ಹೇಳಿ ನಕ್ಕರು. ಅವರು ಯಾರನ್ನೂ ದೂರುತ್ತಿರಲಿಲ್ಲ. ಪ್ರತಿ ಸಲ ರಜೆಗೆ ಹೋದಾಗ ಚಾವಡಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು, ಚೀಲವನ್ನು ಕಂಬದ ಮೊಳೆಗೆ ನೇತು ಹಾಕುತ್ತಿದ್ದರು. ಚಿಕ್ಕಂದಿನಿಂದ ನೋಡಿದ್ದೆ. ಅವರಿಗೆ ಆ ಮನೆಯಲ್ಲಿ ಬಾಗಿಲಿರುವ ಒಂದು ಕೋಣೆ ಇಲ್ಲ ಎಂಬುದು ನನಗೆ ಹೊಳೆದಿರಲೇ ಇಲ್ಲ.

ನಾನು ಭಾನುವಾರಕ್ಕೊಮ್ಮೆ ಫೋನಿನಲ್ಲಿ ಹೇಳುತ್ತಿದ್ದ "ಊರಿಗೆ ಹೋಗಿ" ಎಂಬ ಮಾತಿನ ಒಳಗೆ ಏನಿತ್ತು ಎಂದು ಆ ಗಾಳಿಯಲ್ಲಿ ಕೂತು ಯೋಚಿಸಿದೆ. ಅವರ ಆರಾಮಕ್ಕಿಂತ ನನ್ನ ನಿಶ್ಚಿಂತೆಯೇ ಹೆಚ್ಚಿತ್ತು. ಕಟ್ಟಡ ಬಿದ್ದರೆ ಎಂಬ ಹೆದರಿಕೆ ನನ್ನ ತಲೆಯಿಂದ ಇಳಿಯಬೇಕಿತ್ತು. ಹಾಗೆಂದು ಡೊಂಬಿವಿಲಿಯ ಮನೆಗೆ ಬನ್ನಿ ಎಂದೂ ನಾನು ಒತ್ತಾಯ ಮಾಡಿ ಕರೆದವನಲ್ಲ. 1991ರಲ್ಲಿ ಅವರು ತಮ್ಮ ಹತ್ತು-ಹನ್ನೆರಡರ ಕೋಣೆಯಲ್ಲಿ ನನಗೆ ಕಿಟಕಿಯ ಬದಿ ಬಿಟ್ಟುಕೊಟ್ಟು ತಾವು ಬಾಗಿಲ ಬುಡದಲ್ಲಿ ಮಲಗಿದ್ದರು. ಅದನ್ನು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ನಡುರಾತ್ರಿ ದಾಟಿದ ಮೇಲೆ ಒಂದು ದೊಡ್ಡ ಬೀಸು ಬಂದು ಟೆಂಟಿನ ಒಂದು ಹಗ್ಗ ಕಲ್ಲಿನ ಸಮೇತ ಜರುಗಿತು. ಮಾವ ನನಗಿಂತ ಮೊದಲು ಎದ್ದು ಓಡಿದರು. ಇಬ್ಬರೂ ಸೇರಿ ಇನ್ನೂ ನಾಲ್ಕು ಕಲ್ಲು ಹೇರಿದೆವು. ಒಳಗೆ ಮಗಳು ಮಗ್ಗುಲು ಬದಲಿಸಿದಳು, ಏಳಲಿಲ್ಲ. ಆಮೇಲೆ ಮಾವ ಗುಡಿಯ ಕಟ್ಟೆಯ ಮೇಲೆ ಮಲಗಿ, ನನ್ನ ಶಾಲು ಹೊದ್ದು, ನಿಮಿಷದಲ್ಲಿ ಗೊರಕೆ ಹೊಡೆದರು. ನಾನು ಅವರ ಉಸಿರು ಕೇಳುತ್ತಾ ಬೆಳಗು ಮಾಡಿದೆ.

* * *

ಬೆಳಿಗ್ಗೆ ಕಡಲು ಏನೂ ಆಗದ ಹಾಗೆ ಮಲಗಿತ್ತು. ಏಳು ಗಂಟೆಗೆ ದೋಣಿ ಬಂತು. ಥಳ ಮುಟ್ಟಿ ಮೊದಲು ಮಾತ್ರೆ ನುಂಗಿಸಿದೆ. ಆಮೇಲೆ ದಂಡೆಯ ಕಡೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಪಡುಬದಿಯ ಕೋಣೆಯಲ್ಲಿ ಏನಿದೆ ಎಂದು ಕೇಳಿದೆ. ಹಳೇ ಬಲೆ, ತೆಂಗಿನಕಾಯಿ, ತಂಗಿಯ ಮಕ್ಕಳ ತೊಟ್ಟಿಲು ಎಂದರು. ಅದನ್ನು ಖಾಲಿ ಮಾಡಿಸಿ ಒಂದು ಮಂಚ ಹಾಕಿಸಬೇಕು, ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂವ ಕೇಂಡನಾ?" ಅಂದರು. ಇಲ್ಲ, ನಾನು ಕೇಳುತ್ತಿದ್ದೇನೆ ಎಂದೆ. "ನಾವೇ ಕೇಣ್ಕಿತ್ತ್" ಎಂದು ಅಮ್ಮ ಫೋನಿನಲ್ಲೇ ಅತ್ತರು.

ನೀವು ಖಾಂದೇರಿಗೆ ಹೋಗುವುದಾದರೆ ಇಷ್ಟು ನೆನಪಿರಲಿ. ಮಳೆಗಾಲದಲ್ಲಿ ಗೇಟ್‌ವೇ-ಮಾಂಡ್ವಾ ದೋಣಿಗಳು ನಿಲ್ಲುತ್ತವೆ, ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ದ್ವೀಪಕ್ಕೆ ಬೆಳಿಗ್ಗೆಯೇ ಹೋಗಿ ಮಧ್ಯಾಹ್ನದ ಒಳಗೆ ಹೊರಡಿ. ಟೆಂಟ್ ಹಾಕುವ ಆಸೆ ಇದ್ದರೆ ಕಿಹೀಮ್, ನಾಗಾಂವ್ ದಂಡೆಗಳಿವೆ. ಕುಡಿಯುವ ನೀರು ಒಯ್ಯಿರಿ. ಮಾತ್ರೆಯ ಡಬ್ಬಿ ಜೇಬಿನಲ್ಲೇ ಇರಲಿ. ದೋಣಿಯವನು ಗಾಳಿ ಎಂದರೆ ವಾದ ಮಾಡಬೇಡಿ.

ಮಾವ ಮೇ ತಿಂಗಳಲ್ಲಿ ಬೋರಾಬಜಾರಿನ ಕೋಣೆಗೆ ಬೀಗ ಹಾಕಿ ಗಂಗೊಳ್ಳಿಗೆ ಹೋದರು. ಹೋಗುವ ಮುಂಚೆ ಒಂದು ಷರತ್ತು ಹಾಕಿದರು, ಮನೆಯ ಕರೆಂಟ್ ಬಿಲ್ಲು ಅವರೇ ಕಟ್ಟಬೇಕು. ಯಾರೂ ಎದುರಾಡಲಿಲ್ಲ. ಜೂನಿನ ಮೊದಲ ಗಾಳಿಮಳೆಯ ದಿನ ತಂಗಿ ಒಂದು ಫೋಟೋ ಕಳಿಸಿದಳು. ಕೊಟ್ಟಿಗೆಯ ಮೇಲೆ ನೀಲಿ ಟಾರ್ಪಾಲು, ಅದರ ನಾಲ್ಕು ಮೂಲೆಗೂ ಹಗ್ಗ, ಹಗ್ಗದ ತುದಿಗೆ ಕಲ್ಲು. ಮಗಳು ಫೋಟೋ ದೊಡ್ಡದು ಮಾಡಿ ನೋಡಿ, "ಪಪ್ಪಾ, ಅದೇ ಗಂಟು" ಅಂದಳು.